ಕೈಯಲ್ಲಿ ಹಿಡಿಯುವ ಡಿಜಿಟಲ್ ರೇಡಿಯೋ ಸ್ಕ್ಯಾನರ್‌ಗಳು: ಬಳಕೆಯ ಸುಲಭತೆಯ ತುಲನೆ ಹಾಗೂ ಖರೀದಿಗೆ ಮುನ್ನ ತಿಳಿಯಬೇಕಾದ ವಿಷಯಗಳು

ಪೀಠಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹಾಗೂ ಅವರ ಮೂಲಕ ಇಲ್ಲಿನ ಬಂಧುಗಳಲ್ಲಿ ಕೈಯಲ್ಲಿ ಹಿಡಿಯುವ ಡಿಜಿಟಲ್ ರೇಡಿಯೋ ಸ್ಕ್ಯಾನರ್‌ಗಳ ಬಗ್ಗೆ ಆಸಕ್ತಿ ಇರುವುದುಂಟು. ಈ ಉಪಕರಣಗಳು ದುಬಾರಿಯಾಗಿದ್ದು, “ಬಳಸಲು ಅತಿ ಸುಲಭ” ಎಂಬ ಜಾಹೀರಾತನ್ನು ನಂಬಿ ಕೊಂಡವರು ಅನಂತರ ನಿರಾಶರಾಗುವ ಸಂಭವವಿದೆ. ಭಾರತಕ್ಕೆ ತಂದವರು ಕಾನೂನಿನ ತೊಡಕಿಗೂ ಸಿಲುಕಬಹುದು. ಆದುದರಿಂದ ಪ್ರಮುಖ ಮಾದರಿಗಳ ಬಳಕೆಯ ಸುಲಭತೆಯನ್ನು ತುಲನೆ ಮಾಡಿ, ಖರೀದಿಗೆ ಹಾಗೂ ಅರ್ಜಿ ಸಲ್ಲಿಕೆಗೆ ಮುನ್ನ ಗಮನಿಸಬೇಕಾದ ಅಂಶಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಸ್ಕ್ಯಾನರ್ ಎಂದರೇನು?

ಸ್ಕ್ಯಾನರ್ ಎಂಬುದು ಕೇವಲ ಆಲಿಸುವ ರೇಡಿಯೋ ಉಪಕರಣವಾಗಿರುತ್ತದೆ. ಇದರಿಂದ ಮಾತನಾಡಲು ಸಾಧ್ಯವಿಲ್ಲ. ಸಾಮಾನ್ಯ ರೇಡಿಯೋ ಒಂದೇ ಕಂಪನಾಂಕದಲ್ಲಿ ನಿಂತಿದ್ದರೆ, ಸ್ಕ್ಯಾನರ್ ಹಲವಾರು ಕಂಪನಾಂಕಗಳನ್ನು ಒಂದಾದ ಮೇಲೊಂದರಂತೆ ವೇಗವಾಗಿ ಪರಿಶೀಲಿಸುತ್ತಾ ಹೋಗಿ, ಸಂಕೇತ ದೊರೆತ ಕಡೆ ನಿಂತು ಧ್ವನಿಯನ್ನು ಕೇಳಿಸುತ್ತದೆ. ಮಾತು ಮುಗಿದೊಡನೆ ಮುಂದಿನ ಕಂಪನಾಂಕಕ್ಕೆ ಸಾಗುತ್ತದೆ.

ಹಿಂದೆ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಸೇವೆಗಳು ಪ್ರತ್ಯೇಕ ಕಂಪನಾಂಕಗಳಲ್ಲಿ ಅನಲಾಗ್ ವಿಧಾನದಲ್ಲಿ ಮಾತನಾಡುತ್ತಿದ್ದವು. ಆಗ ಕಂಪನಾಂಕವನ್ನು ತಿಳಿದು ಕೀಲಿಮಣೆಯಲ್ಲಿ ಒತ್ತಿದರೆ ಸಾಕಾಗುತ್ತಿತ್ತು. ಈಗಿನ ಅನೇಕ ವ್ಯವಸ್ಥೆಗಳಲ್ಲಿ ಎರಡು ಬದಲಾವಣೆಗಳಾಗಿವೆ.

1. ಟ್ರಂಕಿಂಗ್: ಕೆಲವೇ ಕಂಪನಾಂಕಗಳನ್ನು ಅನೇಕ ಇಲಾಖೆಗಳು ಹಂಚಿಕೊಳ್ಳುತ್ತವೆ. ನಿಯಂತ್ರಣ ಚಾನೆಲ್ ಒಂದು, ಯಾವ ಗುಂಪಿನ ಮಾತು ಈ ಕ್ಷಣ ಯಾವ ಕಂಪನಾಂಕದಲ್ಲಿದೆ ಎಂಬುದನ್ನು ಸೂಚಿಸುತ್ತಿರುತ್ತದೆ. ಸ್ಕ್ಯಾನರ್ ಆ ಸೂಚನೆಯನ್ನು ಅನುಸರಿಸಬೇಕಾಗುತ್ತದೆ.

2. ಡಿಜಿಟಲ್ ಧ್ವನಿ: ಅಮೆರಿಕದ ಸಾರ್ವಜನಿಕ ಸುರಕ್ಷಾ ಸೇವೆಗಳು ಹೆಚ್ಚಾಗಿ ಪಿ25 (ಪ್ರಾಜೆಕ್ಟ್ 25) ಎಂಬ ಮಾನದಂಡವನ್ನು ಬಳಸುತ್ತವೆ. ಇದರ ಮೊದಲ ಹಂತದಲ್ಲಿ 12.5 ಕಿಲೋಹರ್ಟ್ಸ್ ಅಗಲದ ಚಾನೆಲ್‌ನಲ್ಲಿ ಒಂದು ಸಂಭಾಷಣೆ ಸಾಗುತ್ತದೆ. ಎರಡನೆಯ ಹಂತದಲ್ಲಿ ಅಷ್ಟೇ ಅಗಲದಲ್ಲಿ ಎರಡು ಸಂಭಾಷಣೆಗಳು ಸರದಿಯಂತೆ ಸಾಗುತ್ತವೆ. ವಾಣಿಜ್ಯ ಸಂಸ್ಥೆಗಳಲ್ಲಿ ಡಿಎಂಆರ್ ಹಾಗೂ ಎನ್‌ಎಕ್ಸ್‌ಡಿಎನ್ ವಿಧಾನಗಳೂ ಬಳಕೆಯಲ್ಲಿವೆ.

ಹೀಗಾಗಿ ಒಂದು ಊರಿನ ವ್ಯವಸ್ಥೆಯನ್ನು ಕೇಳಲು ನಿಯಂತ್ರಣ ಚಾನೆಲ್‌ಗಳು, ಗುಂಪುಗಳ ಸಂಖ್ಯೆಗಳು, ವ್ಯವಸ್ಥೆಯ ವಿಧ ಇವೆಲ್ಲವನ್ನೂ ಉಪಕರಣಕ್ಕೆ ಊಡಿಸಬೇಕಾಗುತ್ತದೆ. ಹೊಸಬರಿಗೆ ಕಷ್ಟವೆನಿಸುವುದು ಈ ಹಂತವೇ ಆಗಿದೆ.

ಸುಲಭತೆಯ ಮೂಲ: ದತ್ತಸಂಚಯ

2010ರಲ್ಲಿ ಯೂನಿಡೆನ್ ಸಂಸ್ಥೆಯು ಹೋಮ್‌ಪೆಟ್ರೋಲ್-1 ಎಂಬ ಸ್ಪರ್ಶಪರದೆಯ ಸ್ಕ್ಯಾನರನ್ನು ಬಿಡುಗಡೆ ಮಾಡಿತು. ಇದರಲ್ಲಿ ಬಳಕೆದಾರರು ತಮ್ಮ ಊರಿನ 5 ಅಂಕಿಗಳ ಅಂಚೆ ಸೂಚ್ಯಂಕವನ್ನು (ಜಿಪ್ ಕೋಡ್) ನಮೂದಿಸಿದರೆ ಸಾಕು. ಆ ಪ್ರದೇಶದ ವ್ಯವಸ್ಥೆಗಳನ್ನು ಉಪಕರಣವೇ ತನ್ನೊಳಗಿನ ದತ್ತಸಂಚಯದಿಂದ ಆರಿಸಿಕೊಳ್ಳುತ್ತದೆ. ಅನಂತರ ಬಂದ ಸುಲಭ ಮಾದರಿಗಳೆಲ್ಲವೂ ಇದೇ ದಾರಿಯಲ್ಲಿ ನಡೆದಿವೆ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದೇನೆಂದರೆ, ಈ ಸುಲಭತೆ ಇರುವುದು ಕೀಲಿಗಳಲ್ಲಾಗಲಿ ಪರದೆಯಲ್ಲಾಗಲಿ ಅಲ್ಲ, ದತ್ತಸಂಚಯದಲ್ಲಿ. ಸದರಿ ದತ್ತಸಂಚಯವು ಅಮೆರಿಕ ಮತ್ತು ಕೆನಡಾ ದೇಶಗಳಿಗಾಗಿ ಸಿದ್ಧವಾದುದು. ಆ ಎಲ್ಲೆಯನ್ನು ದಾಟಿದೊಡನೆ ಅತಿ ಸುಲಭವಾದ ಉಪಕರಣವೇ ಅತಿ ಕಠಿಣವಾದ ಉಪಕರಣವಾಗಿ ಪರಿಣಮಿಸುತ್ತದೆ.

ಮಾದರಿಗಳ ತುಲನೆ

1. ಯೂನಿಡೆನ್ ಬಿಸಿಡಿ436ಎಚ್‌ಪಿ (2014)
ಅಂಚೆ ಸೂಚ್ಯಂಕದಿಂದ ಕಾರ್ಯಾರಂಭ ಮಾಡಬಹುದು. ಪಿ25ರ ಎರಡೂ ಹಂತಗಳನ್ನು ಗ್ರಹಿಸುತ್ತದೆ. ಮೂರು ಎಎ ಗಾತ್ರದ ಬ್ಯಾಟರಿಗಳಿಂದ ನಡೆಯುವುದರಿಂದ ಬ್ಯಾಟರಿ ಮುಗಿದಾಗ ಅಂಗಡಿಯಿಂದ ತಂದು ಹಾಕಬಹುದು. ದತ್ತಸಂಚಯವನ್ನು ನವೀಕರಿಸಲು ವಿಂಡೋಸ್ ಗಣಕಯಂತ್ರ ಹಾಗೂ ಸೆಂಟಿನೆಲ್ ಎಂಬ ತಂತ್ರಾಂಶ ಅಗತ್ಯ. ಡಿಎಂಆರ್ ಸೌಲಭ್ಯಕ್ಕೆ ಪ್ರತ್ಯೇಕ ಹಣ ತೆರಬೇಕಾಗುತ್ತದೆ.

2. ಯೂನಿಡೆನ್ ಎಸ್‌ಡಿಎಸ್100 (2018)
ಕಾರ್ಯಾರಂಭದ ವಿಧಾನ ಮೇಲ್ಕಂಡಂತೆಯೇ ಇದೆ. ಬಣ್ಣದ ಪರದೆ ಇದ್ದು, ಅದರಲ್ಲಿ ಕಾಣಬೇಕಾದ ವಿವರಗಳನ್ನು ಬಳಕೆದಾರರೇ ಆರಿಸಿಕೊಳ್ಳಬಹುದು. ಈ ಮಾದರಿಯ ನಿಜವಾದ ಪ್ರಯೋಜನ ಬೇರೆಡೆ ಇದೆ. ದೊಡ್ಡ ನಗರಗಳಲ್ಲಿ ಒಂದೇ ಸಂಕೇತವನ್ನು ಹಲವು ಗೋಪುರಗಳು ಏಕಕಾಲಕ್ಕೆ ಪ್ರಸಾರ ಮಾಡುತ್ತವೆ. ಆ ಸಂಕೇತಗಳು ಅತ್ಯಲ್ಪ ಅಂತರದಲ್ಲಿ ಹಿಂದೆ ಮುಂದೆ ಬಂದು ಒಂದರೊಡನೊಂದು ಬೆರೆತಾಗ ಹಳೆಯ ಸ್ಕ್ಯಾನರ್‌ಗಳಲ್ಲಿ ಮಾತು ಒಡೆದು ಹೋಗುತ್ತದೆ. ಎಸ್‌ಡಿಎಸ್100 ತಂತ್ರಾಂಶ ಆಧಾರಿತ ಗ್ರಹಣ ವಿಧಾನವನ್ನು ಹೊಂದಿರುವುದರಿಂದ ಈ ದೋಷವನ್ನು ಬಹುಮಟ್ಟಿಗೆ ನಿವಾರಿಸುತ್ತದೆ. ಇದರ ಬ್ಯಾಟರಿ ಪುನರ್ಭರ್ತಿ ಮಾಡುವ ಲಿಥಿಯಂ ಅಯಾನ್ ಮಾದರಿಯದಾಗಿದ್ದು, ಬೇಗನೆ ಖರ್ಚಾಗುತ್ತದೆ.

3. ವಿಸ್ಲರ್ ಟಿಆರ್‌ಎಕ್ಸ್-1 (2016)
ಇದರಲ್ಲಿಯೂ ಸ್ಥಳವನ್ನು ಸೂಚಿಸಿ ಆರಂಭಿಸಬಹುದು. ಡಿಎಂಆರ್ ಸೌಲಭ್ಯಕ್ಕೆ ಹೆಚ್ಚುವರಿ ಹಣ ನೀಡಬೇಕಾಗಿಲ್ಲ. ನಾಲ್ಕು ಎಎ ಬ್ಯಾಟರಿಗಳಿಂದ ನಡೆಯುತ್ತದೆ. ಹಲವು ಗೋಪುರಗಳ ಏಕಕಾಲಿಕ ಪ್ರಸಾರವಿರುವ ನಗರಗಳಲ್ಲಿ ಮೇಲ್ಕಂಡ ಎರಡನೆಯ ಮಾದರಿಯಷ್ಟು ಸ್ಪಷ್ಟತೆಯನ್ನು ನಿರೀಕ್ಷಿಸಲಾಗದು.

4. ಯೂನಿಡೆನ್ ಬಿಸಿಡಿ325ಪಿ2
ಇದು ಚಿಕ್ಕದಾಗಿ, ಗಟ್ಟಿಮುಟ್ಟಾಗಿದೆ. ಆದರೆ ಅಂಚೆ ಸೂಚ್ಯಂಕದ ಸೌಲಭ್ಯವಿಲ್ಲ. ವ್ಯವಸ್ಥೆಗಳನ್ನು ಕೈಯಿಂದ ಅಥವಾ ಗಣಕಯಂತ್ರದ ಮೂಲಕ ಊಡಿಸಬೇಕು. ಟ್ರಂಕಿಂಗ್ ವಿಷಯವನ್ನು ತಿಳಿದವರಿಗೆ ಸೂಕ್ತ. ಮೊದಲ ಬಾರಿಗೆ ಕೊಳ್ಳುವವರಿಗೆ ಸುಲಭವಲ್ಲ.

5. ಐಕಾಮ್ ಐಸಿ-ಆರ್30 (2018)
100 ಕಿಲೋಹರ್ಟ್ಸ್‌ನಿಂದ 3.3 ಗಿಗಾಹರ್ಟ್ಸ್‌ವರೆಗಿನ ವಿಸ್ತಾರವಾದ ವ್ಯಾಪ್ತಿಯನ್ನು ಹೊಂದಿದೆ. ಪಿ25ರ ಮೊದಲ ಹಂತ, ಎನ್‌ಎಕ್ಸ್‌ಡಿಎನ್, ಡಿ-ಸ್ಟಾರ್ ಮುಂತಾದ ವಿಧಾನಗಳನ್ನು ಗ್ರಹಿಸುತ್ತದೆ. ಆದರೆ ಟ್ರಂಕಿಂಗ್ ವ್ಯವಸ್ಥೆಯನ್ನು ಅನುಸರಿಸುವುದಿಲ್ಲ. ದತ್ತಸಂಚಯವನ್ನು ಅವಲಂಬಿಸದ ಕಾರಣ ಯಾವುದೇ ದೇಶದಲ್ಲಿ ಇದರ ಬಳಕೆ ಒಂದೇ ರೀತಿ ಇರುತ್ತದೆ. ಕಂಪನಾಂಕಗಳನ್ನು ಬಳಕೆದಾರರೇ ತಿಳಿದಿರಬೇಕು.

ಒಟ್ಟಾರೆ ಹೇಳುವುದಾದರೆ, ಅಮೆರಿಕದಲ್ಲಿ ವಾಸಿಸುವ ಹೊಸಬರಿಗೆ ಮೊದಲ ಮೂರು ಮಾದರಿಗಳು ಸುಲಭ. ವಾಸವಿರುವ ನಗರದಲ್ಲಿ ಏಕಕಾಲಿಕ ಪ್ರಸಾರ ವ್ಯವಸ್ಥೆಯಿದ್ದರೆ ಎರಡನೆಯದೇ ಸೂಕ್ತ. ಮಾತು ಕೇಳಿಸದಿದ್ದಲ್ಲಿ ಪರದೆ ಎಷ್ಟು ಸರಳವಾಗಿದ್ದರೂ ಪ್ರಯೋಜನವಿಲ್ಲ ಎಂಬುದನ್ನು ನೆನಪಿನಲ್ಲಿಡತಕ್ಕದ್ದು. ಬಳಸಿದ ಉಪಕರಣವನ್ನು ಕೊಳ್ಳುವವರು, ಅದರ ದತ್ತಸಂಚಯದ ನವೀಕರಣ ಈಗಲೂ ದೊರೆಯುತ್ತಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ನವೀಕರಣ ನಿಂತ ಉಪಕರಣದ ಸುಲಭತೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ.

ಯಾವ ಸ್ಕ್ಯಾನರ್ ಕೂಡ ಮಾಡಲಾಗದ ಕೆಲಸ

ಗೂಢಲಿಪೀಕರಣಗೊಂಡ ಸಂಭಾಷಣೆಯನ್ನು ಮೇಲ್ಕಂಡ ಯಾವ ಮಾದರಿಯೂ ಬಿಡಿಸಲಾರದು. ಡೆನ್ವರ್ ನಗರದ ಪೊಲೀಸ್ ಇಲಾಖೆಯು 2019ರಲ್ಲಿ ತನ್ನ ರೇಡಿಯೋ ಸಂಪರ್ಕವನ್ನು ಗೂಢಲಿಪೀಕರಣಕ್ಕೆ ಒಳಪಡಿಸಿತು. ನ್ಯೂಯಾರ್ಕ್ ನಗರದ ಪೊಲೀಸರು 2023ರಲ್ಲಿ ಈ ಬದಲಾವಣೆಯನ್ನು ಆರಂಭಿಸಿದರು. ಆದುದರಿಂದ ಹಣ ತೆರುವ ಮೊದಲು ತಮ್ಮ ಊರಿನ ವ್ಯವಸ್ಥೆ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳುವುದು ಅವಶ್ಯ.

ಮೊಬೈಲ್ ದೂರವಾಣಿಗೆ ಮೀಸಲಾಗಿದ್ದ ಕಂಪನಾಂಕಗಳನ್ನು ಗ್ರಹಿಸುವ ಸ್ಕ್ಯಾನರ್‌ಗಳ ತಯಾರಿಕೆ ಹಾಗೂ ಆಮದನ್ನು ಅಮೆರಿಕದಲ್ಲಿ 1994ರಿಂದ ನಿಷೇಧಿಸಲಾಗಿದೆ. ಎಸ್‌ಡಿಎಸ್100 ಮಾದರಿಯ ವ್ಯಾಪ್ತಿಯಲ್ಲಿ 824ರಿಂದ 849 ಹಾಗೂ 869ರಿಂದ 895 ಮೆಗಾಹರ್ಟ್ಸ್‌ಗಳು ಬಿಟ್ಟುಹೋಗಿರುವುದು ಈ ಕಾರಣದಿಂದಲೇ. ಅದು ಉಪಕರಣದ ದೋಷವಲ್ಲ. ಅಲ್ಲಿಯ ಕೆಲವು ರಾಜ್ಯಗಳಲ್ಲಿ ವಾಹನದಲ್ಲಿ ಸ್ಕ್ಯಾನರ್ ಇಟ್ಟುಕೊಳ್ಳುವುದಕ್ಕೂ ನಿರ್ಬಂಧವಿದೆ. ನ್ಯೂಯಾರ್ಕ್, ಫ್ಲಾರಿಡಾ ಹಾಗೂ ಕೆಂಟಕಿ ಇವುಗಳಿಗೆ ಉದಾಹರಣೆ.

ಚಂಡಮಾರುತ ಅಥವಾ ಪ್ರವಾಹದ ಮುನ್ನೆಚ್ಚರಿಕೆಯಷ್ಟೇ ಬೇಕಾಗಿದ್ದಲ್ಲಿ ಡಿಜಿಟಲ್ ಸ್ಕ್ಯಾನರ್ ಕೊಳ್ಳುವ ಅಗತ್ಯವೇ ಇಲ್ಲ. ಅಮೆರಿಕದ ಹವಾಮಾನ ರೇಡಿಯೋ ಸೇವೆಯು 162.400ರಿಂದ 162.550 ಮೆಗಾಹರ್ಟ್ಸ್‌ವರೆಗಿನ ಏಳು ಚಾನೆಲ್‌ಗಳಲ್ಲಿ ತೆರೆದ ಅನಲಾಗ್ ವಿಧಾನದಲ್ಲಿದ್ದು, ಕಡಿಮೆ ಬೆಲೆಯ ಹವಾಮಾನ ರೇಡಿಯೋ ಇದಕ್ಕೆ ಸಾಕಾಗುತ್ತದೆ.

ಭಾರತಕ್ಕೆ ತರುವವರ ಗಮನಕ್ಕೆ

ಮೊದಲನೆಯದಾಗಿ, ಕಾನೂನು. ನಿಸ್ತಂತು ಉಪಕರಣವನ್ನು ಹೊಂದಲು ಸರ್ಕಾರದ ಅನುಮತಿ ಇಲ್ಲವೇ ವಿನಾಯಿತಿ ಬೇಕೆಂಬುದು 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಾಫಿ ಅಧಿನಿಯಮದ ಕಾಲದಿಂದಲೂ ಇರುವ ತತ್ವ. 2023ರ ದೂರಸಂಪರ್ಕ ಅಧಿನಿಯಮವೂ ಇದನ್ನೇ ಮುಂದುವರಿಸಿದೆ. ಮಾತನಾಡಲು ಬಾರದ, ಆಲಿಸುವ ಉಪಕರಣವೆಂಬ ಕಾರಣಕ್ಕೆ ಸ್ಕ್ಯಾನರ್‌ಗೆ ತಾನಾಗಿಯೇ ವಿನಾಯಿತಿ ದೊರೆಯುವುದಿಲ್ಲ. ಸಂದೇಶಗಳನ್ನು ಕಾನೂನುಬಾಹಿರವಾಗಿ ನಡುವೆ ಹಿಡಿದು ಆಲಿಸುವುದಕ್ಕೆ ಸದರಿ ಅಧಿನಿಯಮದ 42ನೇ ಪ್ರಕರಣದ ಅನ್ವಯ 3 ವರ್ಷಗಳವರೆಗೆ ಕಾರಾವಾಸ, ಅಥವಾ 2 ಕೋಟಿ ರೂಪಾಯಿಗಳವರೆಗೆ ದಂಡ, ಅಥವಾ ಇವೆರಡನ್ನೂ ವಿಧಿಸಬಹುದಾಗಿದೆ. ಈ ಪ್ರಕರಣವು 2024ರ ಜೂನ್ 26ರಿಂದ ಜಾರಿಗೆ ಬಂದಿದೆ.

ಎರಡನೆಯದಾಗಿ, ಪ್ರಯೋಜನ. ನಮ್ಮ ಪಿನ್ ಕೋಡ್ 6 ಅಂಕಿಗಳದು. ಅಮೆರಿಕದ 5 ಅಂಕಿಗಳನ್ನು ನಿರೀಕ್ಷಿಸುವ ಸ್ಕ್ಯಾನರ್‌ಗೆ 560001 ಎಂಬ ಸಂಖ್ಯೆಯಿಂದ ಯಾವ ಅರ್ಥವೂ ಹೊರಡುವುದಿಲ್ಲ, ಅದರ ದತ್ತಸಂಚಯದಲ್ಲಿ ಬೆಂಗಳೂರಿನ ವಿವರವೂ ಇರುವುದಿಲ್ಲ. ಸುಲಭತೆಗೆಂದು ತೆತ್ತ ಹಣ ಹೀಗೆ ವ್ಯರ್ಥವಾಗುತ್ತದೆ.

ಮೂರನೆಯದಾಗಿ, ಆಮದು. ಅಗತ್ಯ ಅನುಮತಿಯಿಲ್ಲದೆ ತಂದ ನಿಸ್ತಂತು ಉಪಕರಣಗಳನ್ನು ವಿಮಾನ ನಿಲ್ದಾಣದಲ್ಲಿ ಸೀಮಾಸುಂಕ ಅಧಿಕಾರಿಗಳು ತಡೆಹಿಡಿಯಬಹುದು. ಉಡುಗೊರೆಯಾಗಿ ಬಂದುದು ಎಂಬ ವಿವರಣೆ ಅನುಮತಿಗೆ ಬದಲಿಯಾಗುವುದಿಲ್ಲ.

ಅರ್ಜಿ ಸಲ್ಲಿಸುವವರಿಗೆ ಸೂಚನೆಗಳು

ನಿಸ್ತಂತು ಉಪಕರಣಗಳ ಅನುಮತಿಯು ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಪ್ಲಾನಿಂಗ್ ಅಂಡ್ ಕೋಆರ್ಡಿನೇಷನ್ ವಿಭಾಗದ ವ್ಯಾಪ್ತಿಗೆ ಬರುತ್ತದೆ. ಅರ್ಜಿಗೆ ಮುನ್ನ ಈ ಕೆಳಕಂಡ ವಿವರಗಳನ್ನು ಸಿದ್ಧಪಡಿಸಿಕೊಳ್ಳುವುದು ಸೂಕ್ತ.

1. ಉಪಕರಣದ ತಯಾರಕರ ಹೆಸರು, ಮಾದರಿ ಸಂಖ್ಯೆ ಹಾಗೂ ಕ್ರಮಸಂಖ್ಯೆ.
2. ಗ್ರಹಿಸುವ ಕಂಪನಾಂಕಗಳ ವ್ಯಾಪ್ತಿ.
3. ಆಲಿಸುವ ಉಪಕರಣ ಮಾತ್ರವೇ ಅಥವಾ ಪ್ರಸಾರ ಮಾಡುವ ಸಾಮರ್ಥ್ಯವೂ ಇದೆಯೇ ಎಂಬ ವಿವರ.
4. ಖರೀದಿಯ ರಸೀದಿ ಹಾಗೂ ತಯಾರಕರ ಕೈಪಿಡಿ.
5. ಬಳಕೆಯ ಉದ್ದೇಶ ಹಾಗೂ ಸ್ಥಳ.

ಲಿಖಿತ ಅನುಮತಿ ಕೈಸೇರುವ ಮೊದಲು ಖರೀದಿಗೆ ಮುಂಗಡ ನೀಡಬಾರದೆಂದು ಸಲಹೆ ನೀಡಲಾಗಿದೆ.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಆಕಾಶವಾಣಿ ಹಾಗೂ ಎಫ್.ಎಂ. ಕೇಂದ್ರಗಳನ್ನು ಕೇಳಲು ಪರವಾನಗಿ ಬೇಕೆ?
ಉತ್ತರ: ಬೇಕಾಗಿಲ್ಲ. ಸಾರ್ವಜನಿಕ ಪ್ರಸಾರವನ್ನು ಕೇಳುವ ಸಾಮಾನ್ಯ ರೇಡಿಯೋಗಳಿಗೆ ಮೇಲಿನ ನಿರ್ಬಂಧ ಅನ್ವಯಿಸುವುದಿಲ್ಲ.

ಪ್ರಶ್ನೆ: ಪರವಾನಗಿ ಇಲ್ಲದೆ ಬಳಸಬಹುದಾದ ವಾಕಿ-ಟಾಕಿಗಳು ಇವೆಯೇ?
ಉತ್ತರ: 446.0ರಿಂದ 446.2 ಮೆಗಾಹರ್ಟ್ಸ್ ವ್ಯಾಪ್ತಿಯಲ್ಲಿ ನಿಗದಿತ ಅಲ್ಪ ಶಕ್ತಿಯಲ್ಲಿ ಕೆಲಸ ಮಾಡುವ ಉಪಕರಣಗಳಿಗೆ 2018ರ ನಿಯಮಗಳ ಅನ್ವಯ ಪರವಾನಗಿಯಿಂದ ವಿನಾಯಿತಿ ಇದೆ. ಆದರೆ ಇ-ವಾಣಿಜ್ಯ ತಾಣಗಳಲ್ಲಿ ಮಾರಾಟಕ್ಕಿದೆ ಎಂದ ಮಾತ್ರಕ್ಕೆ ಉಪಕರಣ ಈ ವ್ಯಾಪ್ತಿಯದೆಂದು ಭಾವಿಸಬಾರದು. ಕಾನೂನುಬಾಹಿರ ಮಾರಾಟವನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿದೆ.

ಪ್ರಶ್ನೆ: ರೇಡಿಯೋ ಆಲಿಸುವ ಹವ್ಯಾಸವನ್ನು ಕಾನೂನುಬದ್ಧವಾಗಿ ಬೆಳೆಸಿಕೊಳ್ಳುವ ದಾರಿ ಯಾವುದು?
ಉತ್ತರ: ಹವ್ಯಾಸಿ (ಹ್ಯಾಮ್) ರೇಡಿಯೋ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆಯುವುದು. ಎಲೆಕ್ಟ್ರಾನಿಕ್ಸ್‌ನ ಮೂಲ ತತ್ವಗಳು ಹಾಗೂ ರೇಡಿಯೋ ನಿಯಮಗಳು ಈ ಪರೀಕ್ಷೆಯ ವಿಷಯಗಳು. ಪರವಾನಗಿ ಪಡೆದವರು ಆಲಿಸುವುದಷ್ಟೇ ಅಲ್ಲದೆ, 144ರಿಂದ 146 ಮೆಗಾಹರ್ಟ್ಸ್ ಮುಂತಾದ ನಿಗದಿತ ವ್ಯಾಪ್ತಿಗಳಲ್ಲಿ ಮಾತನಾಡಲೂಬಹುದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಹವ್ಯಾಸಿ ರೇಡಿಯೋ ಕೇಂದ್ರದ ಧ್ವನಿಯು ಇದೇ ವ್ಯಾಪ್ತಿಯ 145.800 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಅದನ್ನು ಕೇಳಲು ದುಬಾರಿ ಡಿಜಿಟಲ್ ಸ್ಕ್ಯಾನರ್ ಬೇಕಾಗಿಲ್ಲ, ಪರವಾನಗಿದಾರರ ಸಾಮಾನ್ಯ ಅನಲಾಗ್ ಕೈಸೆಟ್ ಸಾಕು.

ಸಾರಾಂಶ

ಸ್ಕ್ಯಾನರ್‌ನ ಸುಲಭತೆಯನ್ನು ಅಂಗಡಿಯ ಕಪಾಟಿನ ಮುಂದೆ ನಿಂತು ಅಳೆಯಲಾಗುವುದಿಲ್ಲ. ಬಳಸುವ ಸ್ಥಳದ ದತ್ತಸಂಚಯ ಉಪಕರಣದಲ್ಲಿದೆಯೇ, ಅಲ್ಲಿಯ ವ್ಯವಸ್ಥೆ ತೆರೆದಿದೆಯೇ, ಅಲ್ಲಿಯ ಕಾನೂನು ಆಲಿಸಲು ಅವಕಾಶ ನೀಡುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲಷ್ಟೇ ಮಾದರಿಯ ಆಯ್ಕೆಗೆ ಮುಂದಾಗಬೇಕು. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಂಡು, ವಿದೇಶದಲ್ಲಿರುವ ತಮ್ಮ ಬಂಧುಮಿತ್ರರಿಗೂ ತಿಳಿಸಬೇಕೆಂದು ಕೋರಲಾಗಿದೆ.