ಪೈಲಟ್ ಜಾಕೆಟ್ ಕೊಳ್ಳುವ ಮುನ್ನ: ಎರಡೂವರೆ ಸಾವಿರಕ್ಕೆ ತೊಗಲು ಬರೂದಿಲ್ಲ

ಹೋದ ದೀಪಾವಳಿಗೆ ನಮ್ಮ ಅಣ್ಣನ ಮಗ ಆನ್‌ಲೈನ್‌ನಲ್ಲಿ ಒಂದು ಜಾಕೆಟ್ ತರಿಸಿದ. ಜಾಹೀರಾತಿನಲ್ಲಿ ಇದ್ದದ್ದು ‘ಏರ್ ಫೋರ್ಸ್ ಪೈಲಟ್ ಜೆನ್ಯೂನ್ ಲೆದರ್ ಜಾಕೆಟ್’ ಅಂತ. ಬೆಲೆ 2,499 ರೂಪಾಯಿ. ಹುಡುಗ ಅಗ್ನಿವೀರ್ ವಾಯು ಭರ್ತಿಗೆ ತಯಾರಿ ನಡೆಸಿದ್ದಾನೆ, ಕೋಚಿಂಗ್‌ಗೆ ಉಪ್ಪಿನಬೆಟಗೇರಿಯಿಂದ ಧಾರವಾಡಕ್ಕೆ ದಿನಾ ಬಸ್ಸಿನಲ್ಲಿ ಓಡಾಡುತ್ತಾನೆ. ಚಳಿಗಾಲದ ತುಂಬ ಅದನ್ನೇ ಹಾಕಿದ. ಮಳೆಗಾಲ ಬಂತು ನೋಡಿ, ಭುಜ ಮತ್ತು ಮೊಣಕೈ ಹತ್ತಿರ ಹಪ್ಪಳ ಉಬ್ಬಿದಂಗ ಉಬ್ಬಿ ಸಿಪ್ಪೆ ಉದುರತೊಡಗಿತು. ‘ಕಾಕಾ, ತೊಗಲೂ ಸಿಪ್ಪಿ ಬಿಡ್ತದೇನ್ರಿ?’ ಅಂತ ತಂದು ಮುಂದಿಟ್ಟ.

ಧಾರವಾಡ ಬಸ್‌ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಹಿರಿಯರೊಬ್ಬರಿಗೆ ಅದನ್ನು ತೋರಿಸಿದೆ. ಅವರು ಜೇಬಿನ ಅಂಚು ಬಿಚ್ಚಿ, ಬೆರಳಿನಿಂದ ತಿಕ್ಕಿ, ‘ಇದು ತೊಗಲಲ್ರೀ, ಅರಿವೀ ಮ್ಯಾಲೆ ಪ್ಲಾಸ್ಟಿಕ್ ಬಡದಾರ’ ಅಂದರು. ನೋಡಲಿಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಅವರು ಹೇಳಿದ್ದಕ್ಕೆ ಪಿಯು, ಅಂದರೆ ಪಾಲಿಯುರಿಥೇನ್ ಅಂತ ಹೆಸರು. ಬಟ್ಟೆಯ ಮೇಲೆ ತೆಳ್ಳಗೆ ಪ್ಲಾಸ್ಟಿಕ್ ಲೇಪಿಸಿ, ಚರ್ಮದ ಗೆರೆಗಳ ಅಚ್ಚು ಒತ್ತುತ್ತಾರೆ. ಗಾಳಿಯಲ್ಲಿನ ತೇವ ಈ ಲೇಪನವನ್ನು ಒಳಗಿನಿಂದಲೇ ಮುರಿಯುತ್ತದೆ. ಉಟ್ಟರೂ ಅಷ್ಟೇ, ಪೆಟ್ಟಿಗೆಯಲ್ಲಿಟ್ಟರೂ ಅಷ್ಟೇ. ಮಲೆನಾಡಿನ ಸೆರಗಿನಲ್ಲಿರುವ ಧಾರವಾಡದ ಮಳೆಗಾಲ ಅದಕ್ಕೆ ಬಹಳ ಬೇಗ ಕೊನೆ ಕಾಣಿಸುತ್ತದೆ. ಇನ್ನು ‘ಜೆನ್ಯೂನ್ ಲೆದರ್’ ಅನ್ನುವ ಮಾತು. ಅದು ನಿಜವೇ ಇದ್ದರೂ ಒಳ್ಳೇ ಚರ್ಮ ಅನ್ನುವ ಅರ್ಥ ಬರುವುದಿಲ್ಲ. ಮೇಲ್ಪದರ ಸೀಳಿ ತೆಗೆದ ಮೇಲೆ ಉಳಿದ ಕೆಳಪದರಕ್ಕೆ ಬಣ್ಣ ಬಳಿದರೂ ಆ ಲೇಬಲ್ ಅಂಟಿಸಬಹುದು.

ಲೆಕ್ಕ ಹಾಕಿದ್ದರೆ ಮೊದಲೇ ಗೊತ್ತಾಗುತ್ತಿತ್ತು. ಒಂದು ಜಾಕೆಟ್‌ಗೆ ಸುಮಾರು 30ರಿಂದ 40 ಚದರಡಿ ಚರ್ಮ ಬೇಕು. ಒಂದು ಆಡಿನ ಚರ್ಮ 4-6 ಚದರಡಿ ಬಂದರೆ ಹೆಚ್ಚು, ಅಂದರೆ ಆರೆಂಟು ಆಡುಗಳ ಚರ್ಮ. ಚದರಡಿಗೆ ನೂರೇ ರೂಪಾಯಿ ಅಂತ ಹಿಡಿಯಿರಿ, ಚರ್ಮಕ್ಕೇ ಮೂರೂವರೆ ಸಾವಿರ ಆಯಿತು. ಜಿಪ್ಪು, ಅಸ್ತರು, ಹೊಲಿಗೆ, ಅಂಗಡಿಯವನ ಲಾಭ, ಕೊರಿಯರ್ ಇನ್ನೂ ಬಾಕಿ. 2,499ಕ್ಕೆ ಅದು ಹೇಗೆ ಸಾಧ್ಯ?

ಹುಡುಗನ ಆಸೆಯನ್ನು ನಾನು ನಗೆಯಾಡುವುದಿಲ್ಲ. ಈ ಜಾಕೆಟ್‌ಗೆ ಒಂದು ಇತಿಹಾಸವಿದೆ. ಅದು ಗೊತ್ತಿದ್ದರೆ ಕೊಳ್ಳುವುದೂ ಸುಲಭ.

ನಾವು ಪೈಲಟ್ ಜಾಕೆಟ್ ಅನ್ನುವುದರ ಮೂಲ ಅಮೆರಿಕ ಸೇನೆಯ ಎ-2. 1931ರಲ್ಲಿ ಅಲ್ಲಿನ ಆರ್ಮಿ ಏರ್ ಕಾರ್ಪ್ಸ್ ಒಪ್ಪಿಕೊಂಡ ವಿನ್ಯಾಸ ಅದು. ಹೆಚ್ಚಾಗಿ ಕುದುರೆ ಚರ್ಮ, ಆಮೇಲೆ ಆಡಿನ ಚರ್ಮವೂ ಬಂತು. ಗುಂಡಿ ಒತ್ತುವ ಕಾಲರ್, ಭುಜಪಟ್ಟಿ, ಮುಚ್ಚಳದ ಎರಡು ಜೇಬು, ತೋಳಿನ ತುದಿಗೂ ಸೊಂಟಕ್ಕೂ ಹೆಣೆದ ಉಣ್ಣೆಪಟ್ಟಿ. ಬೆನ್ನಿಗೆ ಒಂದೇ ಅಖಂಡ ಚರ್ಮ. ಬೆನ್ನಿನಲ್ಲಿ ತುಂಡು ಜೋಡಿಸಿದ್ದರೆ, ಬದಿಯಿಂದ ಕೈ ತೂರಿಸುವ ಜೇಬು ಇದ್ದರೆ, ಅದು ಎ-2 ನಕಲು ಅಲ್ಲ, ಬರೀ ಕಂದು ಜಾಕೆಟ್. ಇನ್ನೊಂದು ಮಾತು, ಎ-2 ಬೇಸಿಗೆಯ ಜಾಕೆಟ್! ಅಸ್ತರು ತೆಳು. ಎತ್ತರದಲ್ಲಿ ಹೆಪ್ಪುಗಟ್ಟುವ ಚಳಿಯಲ್ಲಿ ಹಾರುವ ಬಾಂಬರ್ ಸಿಬ್ಬಂದಿಗೆ ಬಿ-3 ಎಂಬ ಕುರಿಯುಣ್ಣೆಯ ದಪ್ಪ ಜಾಕೆಟ್ ಬೇರೆಯೇ ಇತ್ತು. ಅದನ್ನು ನಮ್ಮ ಊರಿನಲ್ಲಿ ತೊಟ್ಟರೆ ಬೆವರಿ ಸಾಯಬೇಕು. ‘ಟಾಪ್ ಗನ್’ ಸಿನಿಮಾದಲ್ಲಿ (1986) ಟಾಮ್ ಕ್ರೂಸ್ ತೊಟ್ಟದ್ದಂತೂ ಎ-2 ಅಲ್ಲವೇ ಅಲ್ಲ, ನೌಕಾಪಡೆಯ ಜಿ-1. ತುಪ್ಪಟದ ಕಾಲರ್ ಅದರ ಗುರುತು. ನಮ್ಮ ಆನ್‌ಲೈನ್ ಅಂಗಡಿಗಳು ಮೂರನ್ನೂ ಕಲಸಿ ಒಂದೇ ಹೆಸರಿನಲ್ಲಿ ಮಾರುತ್ತವೆ.

1943ರಲ್ಲಿ ಅಮೆರಿಕ ಎ-2ಗೆ ಹೊಸ ಗುತ್ತಿಗೆ ಕೊಡುವುದನ್ನು ನಿಲ್ಲಿಸಿ ಬಟ್ಟೆಯ ಜಾಕೆಟ್‌ಗಳತ್ತ ಹೊರಳಿತು. ಅದೇ ವರ್ಷ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ವಾಯುಪಡೆಯ ಕೈಗೆ ಹೋಯಿತು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಕಟ್ಟಿದ ಕಾರ್ಖಾನೆ, ಯುದ್ಧ ಮುಗಿಯುವವರೆಗೆ 84ನೇ ಏರ್ ಡಿಪೋ ಆಗಿ ಅಮೆರಿಕದ ವಿಮಾನಗಳನ್ನು ರಿಪೇರಿ ಮಾಡಿತು. ಚೀನಾ-ಬರ್ಮಾ-ಭಾರತ ರಣರಂಗದ ಆ ವೈಮಾನಿಕರು ತಮ್ಮ ಜಾಕೆಟ್‌ಗಳಿಗೆ ಚರ್ಮದ ಬಿಲ್ಲೆ ಹೊಲಿಸಿಕೊಳ್ಳುತ್ತಿದ್ದರು. ವಿಮಾನ ಬಿದ್ದರೆ ಸ್ಥಳೀಯರ ನೆರವು ಕೇಳುವ ಬರಹದ ‘ಬ್ಲಡ್ ಚಿಟ್’ ಕೂಡ ಬೆನ್ನಿಗೋ ಒಳಗಿನ ಅಸ್ತರಿಗೋ ಇರುತ್ತಿತ್ತು. ಈ ಬಿಲ್ಲೆಗಳಲ್ಲಿ ಎಷ್ಟೋ ಭಾರತದಲ್ಲೇ, ನಮ್ಮ ಕುಶಲಕರ್ಮಿಗಳೇ ಬಣ್ಣದ ಚರ್ಮ ಕತ್ತರಿಸಿ ಹೊಲಿದವು. ಇವತ್ತು ಸಂಗ್ರಾಹಕರು ದುಬಾರಿ ಹಣ ಕೊಟ್ಟು ಹುಡುಕುವುದು ಇಂಥವನ್ನೇ. ಹೊಲಿದವರ ಹೆಸರು ಮಾತ್ರ ಎಲ್ಲೂ ಇಲ್ಲ.

ನಕಲು ಅಂದ ಕೂಡಲೇ ಕೀಳು ಅಲ್ಲ ಅನ್ನಲಿಕ್ಕೆ ಇದನ್ನು ಹೇಳಿದೆ. ಜಪಾನಿನ ಬಝ್ ರಿಕ್ಸನ್ಸ್, ಇಂಗ್ಲೆಂಡಿನ ಈಸ್ಟ್‌ಮನ್ ಥರದವರು ಹಳೇ ಜಾಕೆಟ್ ಬಿಚ್ಚಿ ನೋಡಿ, ಹೊಲಿಗೆ ಹೊಲಿಗೆಗೂ ಹೊಂದಿಸಿ ಮಾಡುತ್ತಾರೆ. ಅವು ಲಕ್ಷ ರೂಪಾಯಿಯ ಮಾತು, ಮೇಲೆ ಕಸ್ಟಮ್ಸ್ ಬೇರೆ. ನಮಗೆ ಹತ್ತಿರದ್ದು ಮುಂಬೈನ ಧಾರಾವಿ, ಇಲ್ಲವೇ ಬೆಂಗಳೂರು, ಚೆನ್ನೈನ ಚರ್ಮದ ದರ್ಜಿಗಳು. ಚಿತ್ರ ಮತ್ತು ಅಳತೆ ಕೊಟ್ಟು ಆಡಿನ ಚರ್ಮದಲ್ಲಿ ಹೊಲಿಸಿದರೆ, ದುಬಾರಿಯಾದರೂ ದಶಕಗಟ್ಟಲೆ ಬಾಳುತ್ತದೆ. ಕುರಿ ಚರ್ಮ ಮೆತ್ತಗೆ, ಅಂಗಡಿಯಲ್ಲಿ ಮನಸ್ಸು ಸೆಳೆಯುತ್ತದೆ, ಆದರೆ ಬೈಕ್ ಸವಾರರಿಗೆ ನಾನು ಆಡಿನದ್ದನ್ನೇ ಹೇಳುತ್ತೇನೆ. ಬೇಗ ಹರಿಯುವುದಿಲ್ಲ.

ಅಂಗಡಿಯಲ್ಲಿ ನಿಂತು ನೋಡಬೇಕಾದದ್ದು ಅಂಚು. ಜೇಬಿನ ಮುಚ್ಚಳದ ತುದಿಯಲ್ಲಿ ನಾರುನಾರಾಗಿ ಕಂಡರೆ ಚರ್ಮ, ನೂಲಿನ ಬಲೆ ಕಂಡರೆ ರೆಕ್ಸಿನ್. ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡುವ ಯೂಟ್ಯೂಬ್ ವೈದ್ಯಕ್ಕೆ ಹೋಗಬೇಡಿ, ಅಂಗಡಿಯವ ಆ ಜಾಕೆಟ್ಟನ್ನು ನಿಮಗೇ ಕಟ್ಟುತ್ತಾನೆ.

ಅಳತೆಯಲ್ಲೂ ಮೋಸ ಹೋಗುವವರು ಬಹಳ. ಎ-2 ಗಿಡ್ಡ, ಬೆಲ್ಟಿನ ಹತ್ತಿರ ನಿಲ್ಲಬೇಕು. ‘ಗಿಡ್ಡ ಆತು’ ಅಂತ ಒಂದು ಸೈಜ್ ದೊಡ್ಡದು ತಗೊಂಡರೆ ಭುಜ ಜೋತು ಬೀಳುತ್ತದೆ. ಮೈಗೆ ಸರಿ ಕೂರುವ ಹಳೇ ಜಾಕೆಟ್ ಒಂದನ್ನು ನೆಲಕ್ಕೆ ಹಾಸಿ, ಕಂಕುಳಿಂದ ಕಂಕುಳಿಗೆ, ಭುಜದಿಂದ ಭುಜಕ್ಕೆ, ಕಾಲರ್ ಬುಡದಿಂದ ಕೆಳಗಿನ ಪಟ್ಟಿಯವರೆಗೆ ಇಂಚುಟೇಪಿನಲ್ಲಿ ಅಳೆದು ಬರೆದಿಡಿ. ಎಲ್, ಎಕ್ಸೆಲ್ ಅನ್ನುವುದನ್ನು ನಂಬಬೇಡಿ.

ಇನ್ನು ನನ್ನನ್ನು ನಿಜವಾಗಿ ಚಿಂತೆಗೆ ಹಚ್ಚಿದ್ದು. ಹುಡುಗನ ಜಾಕೆಟ್ ಎದೆಯ ಮೇಲೆ ಭಾರತೀಯ ವಾಯುಪಡೆಯ ರೆಕ್ಕೆಯ ಬಿಲ್ಲೆ ಇತ್ತು. ಅದನ್ನು ತೊಟ್ಟು ವಾಟ್ಸ್ಯಾಪ್ ಸ್ಟೇಟಸ್‌ಗೆ ಫೋಟೋ ಹಾಕಿದ್ದ. ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ, ಸೈನಿಕ, ನಾವಿಕ ಅಥವಾ ವಾಯುಸೈನಿಕ ಅಲ್ಲದವನು ತಾನು ಅಂಥವನೆಂದು ಜನ ನಂಬಲಿ ಎಂಬ ಉದ್ದೇಶದಿಂದ ಅವರಂಥ ಉಡುಪು ತೊಟ್ಟರೆ ಅಥವಾ ಚಿಹ್ನೆ ಧರಿಸಿದರೆ ಮೂರು ತಿಂಗಳವರೆಗೆ ಸಜೆ, ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೇ ದಂಡಸಂಹಿತೆಯ 140ನೇ ಕಲಮಿನಲ್ಲಿ ದಂಡ 500 ರೂಪಾಯಿ ಇತ್ತು. ಉದ್ದೇಶ ಅನ್ನುವುದು ಇಲ್ಲಿ ಮುಖ್ಯ. ಕಂದು ಜಾಕೆಟ್ ತೊಡುವುದು ಅಪರಾಧ ಅಲ್ಲ, 1943ರ ಅಮೆರಿಕದ ಬಿಲ್ಲೆಯೂ ಅಲ್ಲ. ಆದರೆ ಸೈನಿಕರ ವೇಷ ಹಾಕಿ ಆನ್‌ಲೈನ್‌ನಲ್ಲಿ ಮೋಸ ಮಾಡುವವರು ಹೆಚ್ಚಿರುವ ಈ ಕಾಲದಲ್ಲಿ ಪೊಲೀಸರಿಗೆ ‘ಸುಮ್ಮನೆ ಶೋಕಿಗೆ ಹಾಕಿದ್ದೆ’ ಅಂತ ವಿವರಿಸುತ್ತ ಕೂರುವ ಪ್ರಸಂಗ ಯಾರಿಗೂ ಬೇಡ, ಅದರಲ್ಲೂ ಭರ್ತಿಗೆ ಓದುತ್ತಿರುವ ಹುಡುಗನಿಗೆ. 2016ರಲ್ಲಿ ಪಠಾಣ್‌ಕೋಟ್ ದಾಳಿಯಾದ ಮೇಲೆ ಸೇನೆ ಇಂಥ ಉಡುಪು ತೊಡಬೇಡಿ, ಮಾರಬೇಡಿ ಅಂತ ಜನರನ್ನೂ ಅಂಗಡಿಯವರನ್ನೂ ಕೇಳಿಕೊಂಡಿತ್ತು. 2022ರಲ್ಲಿ ಬಂದ ಹೊಸ ಕಾಂಬ್ಯಾಟ್ ಸಮವಸ್ತ್ರದ ವಿನ್ಯಾಸವನ್ನಂತೂ ಸೇನೆ ತನ್ನ ಹೆಸರಿಗೇ ನೋಂದಾಯಿಸಿಕೊಂಡಿದೆ.

‘ಆ ಬಿಲ್ಲೆ ಗಳಿಸಿ ಹಾಕ್ಕೋಬೇಕಪಾ, ಕೊಂಡು ಹಾಕ್ಕೋಬಾರದು’ ಅಂದೆ. ಸಾಂಬ್ರಾದಾಗ ಟ್ರೇನಿಂಗ್ ಮುಗಿಸಿ ಬಂದವರು ನೋಡಿದರೆ ಏನಂದಾರು ಅನ್ನುವುದು ಅವನಿಗೆ ಕಾಯ್ದೆಗಿಂತ ಹೆಚ್ಚು ನಾಟಿತು. ಅವತ್ತೇ ಬ್ಲೇಡಿನಿಂದ ಹೊಲಿಗೆ ಬಿಚ್ಚಿದ.

ಚರ್ಮದ್ದು ಕೊಂಡರೆ ನಮ್ಮ ಕಡೆ ಬೂಷ್ಟೇ ದೊಡ್ಡ ವೈರಿ. ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ಅಗಲ ಹೆಗಲಿನ ಕಟ್ಟಿಗೆ ಹ್ಯಾಂಗರಿಗೆ ಹಾಕಿ ಹಳೇ ಹತ್ತಿ ಸೀರೆ ಹೊದಿಸಿ. ನೆನೆದರೆ ನೆರಳಲ್ಲೇ ಒಣಗಿಸಿ. ಬಿಸಿಲಿಗೆ ಹಾಕಿದರೆ ಸೆಟೆದು ಬಿರಿಯುತ್ತದೆ.

ಆ ಜಾಕೆಟ್ ಈಗ ನಮ್ಮ ಟ್ರ್ಯಾಕ್ಟರ್ ಸೀಟಿನ ಮೇಲಿದೆ. ಮಾರಿದವರು ವಾಪಸ್ ತಗೊಳ್ಳುವ ಅವಧಿ ಮುಗಿದಿದೆ ಅಂದುಬಿಟ್ಟರು. ಹುಡುಗ ಅಳತೆ ಬರೆದಿಟ್ಟಿದ್ದಾನೆ. ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಹೊಲಿಸೋಣ ಅಂತ ಅವನೇ ಹೇಳಿದ.