ಮನೆಯ ಲೆಕ್ಕ ಮಕ್ಕಳಿಗೂ ತಿಳಿದಿರಲಿ

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಪ್ರಭು ಯೇಸು ಕೇಳಿದ್ದನ್ನು ಲೂಕನ ಶುಭಸಂದೇಶದ ಹದಿನಾಲ್ಕನೇ ಅಧ್ಯಾಯದಲ್ಲಿ ಓದುತ್ತೇವೆ. ಶಿಷ್ಯರಾಗುವುದರ ಬೆಲೆಯನ್ನು ತಿಳಿಸಲು ಕೊಟ್ಟ ಸಾಮತಿ ಅದು. ಆದರೆ ಲೆಕ್ಕ ಹಾಕುವಷ್ಟು ವಿವೇಕ ಕೇಳುವವರಿಗೆಲ್ಲ ಇದ್ದೇ ಇದೆಯೆಂದು ಪ್ರಭು ಎಣಿಸಿದ್ದರು. ನಮ್ಮ ಎಷ್ಟೋ ಮನೆಗಳಲ್ಲಿ ಹಾಗೆ ಕುಳಿತುಕೊಳ್ಳುವ ಕೆಲಸವೇ ನಡೆಯುವುದಿಲ್ಲ. ನಡೆದರೂ ಮಕ್ಕಳು ಮಲಗಿದ ಮೇಲೆ, ಪಿಸುಮಾತಿನಲ್ಲಿ.

“ನಮ್ಮ ಕಷ್ಟ ಮಕ್ಕಳಿಗೆ ಗೊತ್ತಾಗಬಾರದು” ಎನ್ನುವ ತಂದೆತಾಯಿಯರ ಪ್ರೀತಿ ದೊಡ್ಡದು. ಆದರೆ ಕಷ್ಟವೇ ಗೊತ್ತಿಲ್ಲದ ಮಗ ಎಸ್ಸೆಸ್ಸೆಲ್ಸಿ ಮುಗಿಸಿದ ಕೂಡಲೇ ಇಪ್ಪತ್ತು ಸಾವಿರದ ಮೊಬೈಲು ಕೇಳಿದರೆ ಅದು ಅವನ ತಪ್ಪಲ್ಲ.

ಪ್ರತಿ ತಿಂಗಳು ಸಂಬಳವೋ ಕೂಲಿಯೋ ಕೈಗೆ ಬಂದ ವಾರ ಒಂದು ಸಂಜೆ, ಪ್ರಾರ್ಥನೆ ಮುಗಿದ ಮೇಲೆ, ಎಲ್ಲರೂ ಒಂದು ನೋಟುಪುಸ್ತಕದ ಸುತ್ತ ಕುಳಿತರೆ ಸಾಕು. ಬಂದದ್ದೆಷ್ಟು, ಬಾಡಿಗೆ, ದಿನಸಿ, ಫೀಸು, ಸಾಲದ ಕಂತು ಎಷ್ಟು ಎಂಬುದನ್ನು ಮಕ್ಕಳ ಕೈಯಲ್ಲೇ ಬರೆಯಿಸಿ. ಹದಿನೈದು ವರ್ಷದ ಮಗಳಿಗೆ ಒಂದು ತಿಂಗಳ ದಿನಸಿಯ ಹಣವನ್ನೇ ಒಪ್ಪಿಸಿ ನೋಡಿ. ಮೂರನೇ ವಾರಕ್ಕೇ ಎಣ್ಣೆ ಮುಗಿದರೆ ಏನು ಮಾಡಬೇಕೆಂದು ಅವಳೇ ಯೋಚಿಸಲಿ. ನೀವು ತಟ್ಟನೆ ನೂರು ರೂಪಾಯಿ ತೆಗೆದುಕೊಟ್ಟರೆ ಪಾಠ ಅಲ್ಲಿಗೇ ನಿಂತಿತು.

ಎಲ್ಲಕ್ಕಿಂತ ಮುಖ್ಯವಾಗಿ ಕಲಿಸಬೇಕಾದದ್ದು ಬಡ್ಡಿಯ ಲೆಕ್ಕ. ಪ್ರಥಮ ಪರಮಪ್ರಸಾದಕ್ಕೆ, ಮದುವೆಗೆ, ಊರಹಬ್ಬದ ಊಟಕ್ಕೆ ಕೈಸಾಲ ಮಾಡುವುದು ನಮ್ಮಲ್ಲಿ ಸಾಮಾನ್ಯ. “ನೂರಕ್ಕೆ ಮೂರು ರೂಪಾಯಿ ಅಷ್ಟೇ” ಎಂದಾಗ ಅದು ಹಗುರವಾಗಿ ಕೇಳಿಸುತ್ತದೆ. ಆದರೆ ಅದು ತಿಂಗಳ ಲೆಕ್ಕ, ವರ್ಷಕ್ಕೆ ಶೇಕಡಾ 36. ಐವತ್ತು ಸಾವಿರ ತಂದರೆ ತಿಂಗಳಿಗೆ 1,500 ರೂಪಾಯಿ ಬಡ್ಡಿ. ಒಂದು ವರ್ಷ ಬಡ್ಡಿಯನ್ನಷ್ಟೇ ಕಟ್ಟಿದರೆ 18,000 ಹೋಗಿರುತ್ತದೆ, ಅಸಲು ಐವತ್ತು ಸಾವಿರ ಹಾಗೇ ನಿಂತಿರುತ್ತದೆ. ಅದೇ ಹಣವನ್ನು ಬ್ಯಾಂಕಿನಿಂದ ವರ್ಷಕ್ಕೆ ಶೇಕಡಾ 12ರ ಬಡ್ಡಿಗೆ ಪಡೆದು ಹನ್ನೆರಡು ಕಂತುಗಳಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 4,440 ರೂಪಾಯಿ. ಕಂತು ದೊಡ್ಡದು, ನಿಜ. ಆದರೆ ಒಟ್ಟು ಬಡ್ಡಿ ಸುಮಾರು 3,300 ಮಾತ್ರ, ವರ್ಷದ ಕೊನೆಗೆ ಸಾಲವೂ ಇಲ್ಲ. ಈ ಎರಡು ಲೆಕ್ಕಗಳನ್ನು ನಿಮ್ಮ ಮಕ್ಕಳಿಂದಲೇ ಮಾಡಿಸಿ. ವಿಪರೀತ ಬಡ್ಡಿಯನ್ನು ನಿಷೇಧಿಸುವ ಕಾನೂನು ನಮ್ಮ ರಾಜ್ಯದಲ್ಲಿ 2004ರಲ್ಲೇ ಬಂದಿದೆ. ಆದರೂ ಹಬ್ಬದ ಹಿಂದಿನ ದಿನ ಸಾಲಕ್ಕೆ ಕೈಚಾಚಿದವರು ಕಾನೂನನ್ನು ನೆನೆಯುವುದು ಅಪರೂಪ.

ಹರೆಯದವರ ಮುಂದೆ ಈಗ ಬೇರೆ ಬಲೆಗಳೂ ಇವೆ. “ಬಡ್ಡಿಯಿಲ್ಲದ ಕಂತು” ಎಂಬ ಮಾತಿಗೆ ಅರ್ಥವೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲೇ ಹೇಳಿದೆ. ಬಡ್ಡಿ ಬೆಲೆಯಲ್ಲೋ, ಸೇವಾ ಶುಲ್ಕದಲ್ಲೋ, ತಪ್ಪಿಹೋದ ರಿಯಾಯಿತಿಯಲ್ಲೋ ಅಡಗಿರುತ್ತದೆ. ಇನ್ನು ಮೊಬೈಲಿನಲ್ಲೇ ಸಾಲ ಕೊಡುವ ಆ್ಯಪ್‌ಗಳು. ಎಲ್ಲ ವೆಚ್ಚ ಸೇರಿ ವರ್ಷಕ್ಕೆ ಶೇಕಡಾ ಎಷ್ಟಾಗುತ್ತದೆಂದು ಸಾಲಗಾರನಿಗೆ ಮೊದಲೇ ಬರೆದು ತಿಳಿಸಬೇಕೆಂದು 2022ರಲ್ಲಿ ನಿಯಮ ಬಂತು. ಅದನ್ನು ತೋರಿಸದ, ನಿಮ್ಮ ಫೋನಿನಲ್ಲಿರುವ ಹೆಸರು-ನಂಬರುಗಳನ್ನೆಲ್ಲ ಕೇಳುವ ಆ್ಯಪ್ ಅನ್ನು ಮುಟ್ಟಲೇಬಾರದು. ಸಾಲ ಮಾಡಿ ಹೆದರಿದ ಮಗ ಮೊದಲು ಅಪ್ಪನ ಬಳಿ ಬಂದು ಹೇಳುವಂತಿರಬೇಕು. ಹಣದ ಮಾತೆತ್ತಿದರೆ ಬೈಗುಳವೇ ಸಿಗುವ ಮನೆಯಲ್ಲಿ ಅವನು ಬಾಯಿ ಬಿಡುವುದಿಲ್ಲ.

ಉಳಿತಾಯಕ್ಕೆ ದೊಡ್ಡ ಹಣವೇನೂ ಬೇಡ. ಹತ್ತು ವರ್ಷ ತುಂಬಿದ ಮಕ್ಕಳು ಅಂಚೆ ಕಚೇರಿಯಲ್ಲಿ ತಮ್ಮ ಹೆಸರಿನಲ್ಲೇ ಖಾತೆ ತೆರೆಯಬಹುದು. ತಿಂಗಳಿಗೆ ನೂರು ರೂಪಾಯಿಯಿಂದಲೇ ಐದು ವರ್ಷದ ಆರ್.ಡಿ. ಕಟ್ಟಬಹುದು. ಬ್ಯಾಂಕಿನಲ್ಲಿಟ್ಟ ಠೇವಣಿಗೆ 2020ರಿಂದ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಐದು ಲಕ್ಷದವರೆಗೆ ವಿಮೆಯ ರಕ್ಷಣೆಯಿದೆ. ಪರಿಚಯದವರ ಮಾತು ನಂಬಿ ಕಟ್ಟುವ, ನೋಂದಣಿಯಿಲ್ಲದ ಚೀಟಿಗೆ ಆ ಭದ್ರತೆ ಇಲ್ಲ.

ಮುಂದಿನ ಕ್ರಿಸ್ಮಸ್ಸಿನ ಖರ್ಚನ್ನು ಸೆಪ್ಟೆಂಬರಿನಲ್ಲೇ ಮಕ್ಕಳ ಜೊತೆ ಬರೆದಿಡಿ. ಕೇಕು, ಬಟ್ಟೆ, ಗೋದಲಿ, ನೆಂಟರ ಊಟ, ಬಡವರ ಪಾಲು ಎಂದು ಬೇರೆ ಬೇರೆ ಮಾಡಿ, ಒಟ್ಟನ್ನು ನಾಲ್ಕು ತಿಂಗಳಿಗೆ ಹಂಚಿ. ಮೊತ್ತ ಹೆಚ್ಚಾದರೆ ಯಾವುದನ್ನು ಬಿಡೋಣ ಎಂದು ಅವರನ್ನೇ ಕೇಳಿ. ಪಟಾಕಿ ಬೇಡವೆಂದು ಸುಲಭವಾಗಿ ಒಪ್ಪುತ್ತಾರೆ. ಬಟ್ಟೆಯ ವಿಷಯಕ್ಕೆ ಮಾತ್ರ ಸ್ವಲ್ಪ ಜಗಳವಾದೀತು, ಆಗಲಿ ಬಿಡಿ.