ಸಮಾಧಾನವೆಂಬ ಪದ ಮತ್ತು ಕೆರೂರಿನ ಪೇಟೆ

2022ರ ಜುಲೈ 6ರಂದು ಬಾದಾಮಿ ತಾಲ್ಲೂಕಿನ ಕೆರೂರಿನಲ್ಲಿ ಹಿಂದೂ ಹಾಗೂ ಮುಸ್ಲಿಂ ಗುಂಪುಗಳ ನಡುವೆ ಘರ್ಷಣೆ ನಡೆಯಿತು. ಕೆಲವರು ಇರಿತಕ್ಕೊಳಗಾದರು, ಅಂಗಡಿ, ತಳ್ಳುಗಾಡಿಗಳಿಗೆ ಬೆಂಕಿ ಬಿದ್ದಿತು, ನಿಷೇಧಾಜ್ಞೆ ಜಾರಿಯಾಯಿತು. ಕೆಲವು ದಿನಗಳ ತರುವಾಯ, ಬಾದಾಮಿಯ ಅಂದಿನ ಶಾಸಕರಾದ ಸಿದ್ದರಾಮಯ್ಯನವರು ಬಾಗಲಕೋಟೆಯ ಆಸ್ಪತ್ರೆಯಲ್ಲಿ ಗಾಯಾಳುಗಳನ್ನು ಕಂಡು 2 ಲಕ್ಷ ರೂಪಾಯಿ ಕೊಟ್ಟಾಗ, ಗಾಯಾಳುಗಳ ಕಡೆಯ ಮಹಿಳೆಯೊಬ್ಬರು ಆ ಹಣವನ್ನು ಅವರ ವಾಹನದತ್ತ ಎಸೆದರು. ಪರಿಹಾರಧನಕ್ಕಿಂತ ನೆಮ್ಮದಿಯ ಬದುಕು ಬೇಕೆಂಬುದು ಆಕೆಯ ಅಳಲಾಗಿತ್ತು.

ಗಾಯದ ಆಳವನ್ನು ನೋಡದೆ ಪಟ್ಟಿ ಕಟ್ಟಿ, ಎಲ್ಲವೂ ಸರಿಹೋಯಿತೆಂದವರನ್ನು ಪ್ರವಾದಿ ಯೆರೆಮೀಯನು ಖಂಡಿಸುತ್ತಾನೆ (6:14). ‘ಶಾಲೋಮ್’ ಎಂಬ ಇಬ್ರಿಯ ಪದವನ್ನು ಕನ್ನಡ ಬೈಬಲ್ ಅಲ್ಲಿ ‘ಸಮಾಧಾನ’ವೆಂದೂ, ಸೆರೆಯವರಿಗೆ ಬರೆದ ಪತ್ರದಲ್ಲಿ (29:7) ‘ಕ್ಷೇಮ’ವೆಂದೂ ಅನುವಾದಿಸಿದೆ. ಆಡಳಿತದ ದೃಷ್ಟಿಯಲ್ಲಿ ನಿಷೇಧಾಜ್ಞೆ ಹಿಂತೆಗೆದ ದಿನವೇ ಸಮಾಧಾನ ಬರುತ್ತದೆ. ಕ್ಷೇಮದ ಲೆಕ್ಕ ಬೇರೆ. ಅದನ್ನು ಪೇಟೆಯ ಉದ್ರಿ ಪುಸ್ತಕದಲ್ಲಿ ನೋಡಬೇಕು.

ನಮ್ಮ ಜಿಲ್ಲೆಯ ಊರುಗಳಲ್ಲಿ ಸಮುದಾಯಗಳನ್ನು ಕೂಡಿಸಿರುವುದು ಹೆಚ್ಚಾಗಿ ಸಾಲ ಮತ್ತು ಕಸುಬು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಸಾಮರಸ್ಯದ ಭಾಷಣಗಳಲ್ಲಿ ಈ ಉಪಮೆ ಸಾಕಷ್ಟು ಸವೆದಿದೆ. ನಾನು ಹೇಳುತ್ತಿರುವುದು ಹಣದ ಮಾತು. ನೂಲು, ಬಣ್ಣ, ನೇಯ್ಗೆ, ಮಾರಾಟ ಹಲವು ಕೈಗಳಲ್ಲಿ ಸಾಗುತ್ತವೆ, ಒಬ್ಬರ ಮುಂಗಡದಿಂದ ಇನ್ನೊಬ್ಬರ ಮಗ್ಗ ನಡೆಯುತ್ತದೆ. ಗಲಭೆಯಾದ ಊರಿನಲ್ಲಿ ಮೊದಲು ನಿಲ್ಲುವುದು ಈ ನಂಬಿಕೆಯ ಸಾಲ. ಆಮೇಲೆ ಬಾಡಿಗೆಗೆ ಮನೆ ಸಿಗುವುದಿಲ್ಲ. ಮಕ್ಕಳ ಆಟದ ಬೀದಿಗಳು ಬೇರೆಯಾಗುತ್ತವೆ. ಇವು ಯಾವ ವರದಿಗೂ ಸೇರವು. ಜೆಕರ್ಯನಾದರೋ ಪುನಃಸ್ಥಾಪಿತ ಯೆರೂಸಲೇಮನ್ನು ವರ್ಣಿಸುವಾಗ ಬೀದಿಯಲ್ಲಿ ಕುಳಿತ ಮುದುಕರನ್ನೂ ಆಡುವ ಮಕ್ಕಳನ್ನೂ ತೋರಿಸುತ್ತಾನೆ (8:4-5).

ಇಲ್ಲಿ ಸಭೆಯ ಪಾತ್ರವೇನು? ಗುಳೇದಗುಡ್ಡದ ನೇಕಾರರ ನಡುವೆ ಬಾಸೆಲ್ ಮಿಷನ್ ನೆಲೆಯೂರಿದ್ದು 19ನೆಯ ಶತಮಾನದಲ್ಲಿ. ಇಂದಿಗೂ ನಾವು ಈ ಜಿಲ್ಲೆಯಲ್ಲಿ ಬೆರಳೆಣಿಕೆಯವರು. ಇಬ್ಬರ ಜಗಳದಲ್ಲಿ ನಮಗೇನು ಎಂಬ ಮೌನ ನಮಗೆ ಸುಲಭ, ಸುರಕ್ಷಿತವೂ ಹೌದು. ಆದರೆ ಗಲಭೆಯ ಮೊಕದ್ದಮೆಗಳು ವರ್ಷಗಟ್ಟಲೆ ಎಳೆಯುತ್ತವೆ. ಕಂಡದ್ದನ್ನು ಹೇಳಬೇಕಾದವರು ನೆರೆಯವರ ಭಯದಿಂದ ಮಾತು ಬದಲಿಸುತ್ತಾರೆ. ಭಾನುವಾರದ ಆರಾಧನೆಯಲ್ಲಿ ನಾವು ‘ಸಾಕ್ಷಿ’ ಎನ್ನುವ ಪದವೇ ನ್ಯಾಯಾಲಯದಲ್ಲಿಯೂ ಇದೆ. ಅಲ್ಲಿ ಕಟಕಟೆ ಹತ್ತುವ ಬಡ ತಳ್ಳುಗಾಡಿಯವನ ಜೊತೆ, ಅವನು ಯಾವ ಕಡೆಯವನೆಂದು ಕೇಳದೆ, ಹೊರಗಿನ ಬೆಂಚಿನ ಮೇಲೆ ದಿನವಿಡೀ ಕೂರಲು ನಮ್ಮ ಸಭಾಪಾಲಕರಲ್ಲಿ ಎಷ್ಟು ಮಂದಿ ಸಿದ್ಧರಿದ್ದಾರೆ?